ಹುರುಳಿ ಕಂಡು ನಿಂತ ಕಾರು

ಪೋಂಯ್, ಪೋಂಯ್.

ಎರಡು ಸಲ ಕೂಗಿದರೆ ಡ್ರೈವರ್ ಬಸಣ್ಣ ಬಂದಿದ್ದಾನೆ ಅಂತ. ಮೂರನೇದು ಬಂತೋ, ಬಸಣ್ಣನಿಗೆ ಸಿಟ್ಟು ಬಂದಿದೆ ಅಂತ. ನಮ್ಮ ಕಾನ್ವೆಂಟಿನ ಗೇಟಿನ ಹೊರಗೆ ಅಪ್ಪನ ಕಾರಿನ ಆ ರಬ್ಬರ್ ಬುರುಡೆಯ ಹಾರ್ನ್ ಕೇಳಿತು ಅಂದ್ರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಸಿಸ್ಟರ್ ಚಾಕ್‌ಪೀಸು ಕೆಳಗಿಟ್ಟು, "ಗಿರಿಜಾ, ಯುವರ್ ಡಕ್ ಹ್ಯಾಸ್ ಕಮ್" ಅನ್ನೋರು. ಇಡೀ ಕ್ಲಾಸು ಬಾತುಕೋಳಿಯ ಹಾಗೆ ಕೂಗೋದು. ನಾನು ಕೆಂಪಗಾಗಿ ಚೀಲ ಎತ್ತಿಕೊಂಡು ಓಡೋದು.

ಅಪ್ಪ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರಿ. ಆ ಕಾರನ್ನು ಯಾರೋ ದೊಡ್ಡವರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಬಂದ ವಾರಕ್ಕೇ ಅದರ ಕರೆಂಟ್ ಹಾರ್ನ್ ಸತ್ತು ಹೋಯಿತು. "ಕೂಗೋದಕ್ಕೂ ಕರೆಂಟ್ ಬೇಕೇನು?" ಅಂತ ಹೇಳಿ, ಮುರುಕಲು ಲಾರಿಯೊಂದರಿಂದ ಬುರುಡೆ ಹಾರ್ನ್ ಬಿಚ್ಚಿಸಿ ತಂದು ಹಾಕಿಸಿದರು. ಆ ಕಾರಿನ ಹಿಂದಿನ ಕಿಟಕಿಗಳಿಗೆ ಅಜ್ಜಿ ಹೊಲಿಸಿದ ಹಸಿರು ಪರದೆ ಬೇರೆ. ನೋಡಿ, ನಮ್ಮಂಥ ಮನೆಯ ಹೆಣ್ಣುಮಕ್ಕಳು ಹೋಗುತ್ತಿದ್ದಾರೆ ಅಂತ ಊರಿಗೆ ಗೊತ್ತಾಗಬೇಕು, ಆದರೆ ಅವರು ಕಾಣಬಾರದು. ಗೊತ್ತು ಮಾಡೋದಕ್ಕೆ ಹಾರ್ನು, ಕಾಣದ ಹಾಗೆ ಮಾಡೋದಕ್ಕೆ ಪರದೆ. ಸ್ಕೂಲಿನ ಅಷ್ಟೂ ವರ್ಷ ನಾನು ದಾವಣಗೆರೆಯನ್ನು ನೋಡಿದ್ದಕ್ಕಿಂತ ಮೂಸಿದ್ದೇ ಹೆಚ್ಚು. ಹತ್ತಿಯ ಧೂಳು ಮೂಗಿಗೆ ಬಂದರೆ ಮಿಲ್ಲಿನ ರಸ್ತೆ, ಬಿಸಿ ಮರಳಿನ ವಾಸನೆ ಬಂದರೆ ಮಂಡಕ್ಕಿ ಭಟ್ಟಿ, ಮೆಣಸಿನಕಾಯಿ ಘಾಟು ಬಂದು ಸೀನಿದರೆ ಮನೆ ಬಂತು ಅಂತ. ಪರದೆ ಒಂದು ಬೆರಳಿನಷ್ಟು ಸರಿಸಿದರೂ ಸಾಕು, ಬಸಣ್ಣ ಕನ್ನಡಿಯಲ್ಲಿ ನೋಡಿ, "ಯವ್ವಾ, ಸಾಹುಕಾರ್ರಿಗೆ ಹೇಳ್ಬೇಕಾಗ್ತತಿ" ಅನ್ನೋನು. ಹೇಳೋನು ಕೂಡಾ. ಡ್ರೈವರ್ ಅಂದ್ರೆ ಎರಡು ಕೈ ಎರಡು ಕಾಲು ಅಂತ ನೀವು ತಿಳಿದಿರಬಹುದು. ನನಗೆ ಗೊತ್ತಿರೋ ಹಾಗೆ ಎರಡು ಕಿವಿ, ಒಂದು ನಾಲಿಗೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದ್ರೆ, ನಮ್ಮ ಮನೆಗೆ ಹೊಸ ಕಾರು ಬಂದಿದೆ. ಅದು "ಟಿಂಗ್" ಅನ್ನುತ್ತೆ. ಬೆಲ್ಟ್ ಹಾಕದಿದ್ದರೆ ಟಿಂಗ್, ಮುಂದಿನ ಆಟೋಗೆ ಹತ್ತಿರವಾದರೆ ಟಿಂಗ್ ಟಿಂಗ್, ಇಂಡಿಕೇಟರ್ ಹಾಕದೆ ಬಿಳಿ ಗೆರೆ ದಾಟಿದರೆ ಸ್ಟೀರಿಂಗು ಕೈಯಲ್ಲೇ ನಡುಗಿ, ತಾನೇ ಒಳಗೆ ಎಳೆದುಕೊಳ್ಳುತ್ತೆ. ಎದುರಿಗೆ ಏನಾದರೂ ಬಂದು ನಾನು ಬ್ರೇಕ್ ಒತ್ತಲಿಲ್ಲ ಅಂದ್ರೆ ಅದೇ ಒತ್ತುತ್ತೆ. ಪೂರ್ತಿ ತಾನೇ ಓಡೋ ಕಾರಲ್ಲ, ಬಿಡಿ. ಅಂಥದು ಹೊರದೇಶದಲ್ಲಿ ಬಂದಿದೆಯಂತೆ. ನನ್ನ ಮಗಳು ಶೈಲಾ ಫೋನಿನಲ್ಲಿ ತೋರಿಸಿದಳು: ಟ್ಯಾಕ್ಸಿ ಬರುತ್ತೆ, ಡ್ರೈವರ್ ಸೀಟು ಖಾಲಿ, ಸ್ಟೀರಿಂಗು ದೆವ್ವ ಹಿಡಿದ ಹಾಗೆ ತಾನೇ ತಿರುಗುತ್ತೆ, ಹಿಂದೆ ಕೂತ ಹುಡುಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಳೆ. ನಮ್ಮ ಕಾರು ಅದರ ಚಿಕ್ಕ ತಂಗಿ. ಇನ್ನೂ ಹೈಸ್ಕೂಲಿನಲ್ಲಿದೆ ಅನ್ನಿ.

ಶೈಲಾ ಮೂಳೆ ಡಾಕ್ಟರು. ಕೆ.ಬಿ. ಬಡಾವಣೆಯ ಈ ಮನೆಯಲ್ಲಿ ನಾನೂ ಅವಳೂ ಇಬ್ಬರೇ. ಅವಳಿಗೆ ರಸ್ತೆ ಅಂದ್ರೆ ಎಕ್ಸ್‌ರೇ ಫಿಲ್ಮು. ನಮ್ಮೂರಿನ ಹುಡುಗರು ಹೆಲ್ಮೆಟ್ಟನ್ನು ತಲೆಗೆ ಹಾಕೋದು ಪೊಲೀಸರು ನಿಂತ ಸರ್ಕಲ್ಲಿನಲ್ಲಿ ಮಾತ್ರ, ಮಿಕ್ಕ ಹೊತ್ತು ಅದು ಬಳೆಯ ಹಾಗೆ ಮೊಣಕೈಗೆ ನೇತಾಡುತ್ತಿರುತ್ತೆ. "ಅದಕ್ಕೇ ಅವ್ವಾ," ಅನ್ನುತ್ತಾಳೆ ಅವಳು, "ನನ್ನ ಹತ್ರ ಬರೋರಲ್ಲಿ ಮೊಣಕೈ ಒಂದು ಭಾಳ ಚೆನ್ನಾಗಿರ್ತತಿ." ಅವಳು ನಗಿಸೋದಕ್ಕೆ ಹೇಳೋದಲ್ಲ. ಊಟದ ತಟ್ಟೆ ಮುಂದೆ ಕೂತು ಹೇಳುತ್ತಾಳೆ, ಆಮೇಲೆ ಊಟ ಸೇರೋದಿಲ್ಲ ಅವಳಿಗೆ.

ಹಳೇ ಕಾರು ಮಾರಿ ಈ ಟಿಂಗ್ ಗಾಡಿ ತಂದದ್ದು ನನಗೋಸ್ಕರ. ಎಪ್ಪತ್ತು ದಾಟಿದ ಮೇಲೂ ನಾನು ಕಾರು ಓಡಿಸೋದು ಅವಳಿಗೆ ಇಷ್ಟವಿಲ್ಲ. ನಿಲ್ಲಿಸು ಅನ್ನೋದಕ್ಕೆ ಬಾಯಿ ಬರಲಿಲ್ಲವೇನೋ, ತಾನೇ ನಿಲ್ಲೋ ಕಾರು ತಂದಳು.

ನಾನು ಓಡಿಸಲು ಕಲಿತದ್ದು ಮದುವೆಯಾಗಿ ಎಷ್ಟೋ ವರ್ಷಕ್ಕೆ, ಶೈಲಾ ಸ್ಕೂಲಿಗೆ ಹೋಗೋ ಕಾಲಕ್ಕೆ. ಕಲಿಸಿದವರು ನಮ್ಮನೆಯವರೇ. ಈಗ ಅವರಿಲ್ಲ. ಸಾಧು ಮನುಷ್ಯ, ಆದರೆ ನನ್ನ ಪಕ್ಕದ ಸೀಟಿನಲ್ಲಿ ಕೂತರೆ ಬೇರೆಯೇ ಅವತಾರ. ಹ್ಯಾಂಡ್‌ಬ್ರೇಕಿನ ಮೇಲೆ ಬಲಗೈ ಇಟ್ಟುಕೊಂಡೇ ಕೂರೋರು. ದೂರದಲ್ಲಿ ಎಮ್ಮೆ ಕಂಡರೂ ಎಳೆಯೋರು, ಎಮ್ಮೆಯ ನೆರಳು ಕಂಡರೂ ಎಳೆಯೋರು. "ಬಿಡ್ರಿ, ನಾನ್ ನೋಡೀನಿ" ಅಂದ್ರೆ, "ನೀ ನೋಡೀ, ಎಮ್ಮಿ ನಿನ್ನ ನೋಡ್ಯಾದೇನು?" ಅನ್ನೋರು. ಈಗ ಪೇಪರಿನಲ್ಲಿ ಆಟೋಮ್ಯಾಟಿಕ್ ಎಮರ್ಜೆನ್ಸಿ ಬ್ರೇಕಿಂಗ್ ಅಂತ ದೊಡ್ಡದಾಗಿ ಬರೆಯುತ್ತಾರಲ್ಲ, ಅದು ನನ್ನ ಸಂಸಾರದಲ್ಲಿ ಯಾವತ್ತೋ ಬಂದಿತ್ತು.

ಅವರ ಬಲಗೈ ಇಲ್ಲದೆ ಒಬ್ಬಳೇ ಮೊದಲ ಸಲ ಕಾರು ತಗೊಂಡು ಹೋದದ್ದು ಹರಿಹರಕ್ಕೆ, ಮೆಹರುನ್ನೀಸಾಳ ಮನೆಗೆ. ಮೆಹರೂ ನನ್ನ ಕಾನ್ವೆಂಟಿನ ಗೆಳತಿ. ಅವಳಪ್ಪ ಹರಿಹರದಲ್ಲಿ ಕಟ್ಟಿಗೆ ವ್ಯಾಪಾರಿ. ಅವಳ ಮನೆಯಲ್ಲಿ ಪರದೆ ಇತ್ತು ಅಂತ ನೀವು ಊಹಿಸಬಹುದು. ತಪ್ಪು. ಪರದೆ ಇದ್ದದ್ದು ನನ್ನ ಕಾರಿಗೆ. ಅವಳು ದಿನಾ ಟ್ರೇನಿನಲ್ಲಿ, ಬಾಗಿಲ ಹತ್ತಿರ ನಿಂತು, ಎರಡು ಜಡೆ ಗಾಳಿಗೆ ಹಾರಿಸಿಕೊಂಡು ದಾವಣಗೆರೆಗೆ ಬರುತ್ತಿದ್ದಳು. ನನಗೆ ಹೊಟ್ಟೆಯುರಿ.

ಒಂದು ಸಲ ಸಿಸ್ಟರ್ ನಮಗೆ ರೋಡ್ ಸೇಫ್ಟಿ ಕಲಿಸಿದರು. ಪ್ಲೇಗ್ರೌಂಡಿನಲ್ಲಿ ಸುಣ್ಣದಿಂದ ರಸ್ತೆ ಬರೆದು, ಅಡ್ಡಕ್ಕೆ ಜೀಬ್ರಾ ಕ್ರಾಸಿಂಗ್ ಬರೆದು, "ಲುಕ್ ರೈಟ್, ಲುಕ್ ಲೆಫ್ಟ್, ಲುಕ್ ರೈಟ್ ಅಗೇನ್" ಅಂತ ಎಲ್ಲರ ಕೈಲೂ ಹೇಳಿಸಿದರು. ಮೆಹರೂ ಪೊಲೀಸ್, ನಾನು ಕಾರು. ಅವಳು ಕೈ ಅಡ್ಡ ಹಿಡಿದು ನಿಲ್ಲು ಅಂದಳು. ಜೀವನದಲ್ಲಿ ಮೊದಲ ಸಲ ಪರದೆಯಿಲ್ಲದ ಕಾರಾಗಿದ್ದೆ ನೋಡಿ, ನಾನು ನಿಲ್ಲಲಿಲ್ಲ. ಪೊಲೀಸರ ಮೇಲೇ ಹಾಯಿಸಿಬಿಟ್ಟೆ. ಅವಳ ಮೊಣಕಾಲು ತರಚಿತು. ಇಬ್ಬರನ್ನೂ ಅರ್ಧ ದಿನ ಬಿಸಿಲಿನಲ್ಲಿ ನಿಲ್ಲಿಸಿದರು, ನನ್ನನ್ನು ಹಾಯಿಸಿದ್ದಕ್ಕೆ, ಅವಳನ್ನು ನನಗೆ ವಾಪಸ್ ಒದ್ದದ್ದಕ್ಕೆ. ಆವತ್ತಿನಿಂದ ನಾವು ಜೀವದ ಗೆಳತಿಯರು. ಅಷ್ಟೆಲ್ಲ ಕಲಿತು ಹೊರಗೆ ಬಂದರೆ ಊರಿನಲ್ಲಿ ಜೀಬ್ರಾ ಕ್ರಾಸಿಂಗೇ ಇರಲಿಲ್ಲ. ಈಗ ಇದೆ, ಅದರ ಮೇಲೆ ಆಟೋ ನಿಲ್ಲಿಸುತ್ತಾರೆ.

ಮೆಹರೂಗೆ ಈಗ ಕಣ್ಣು ಮಂಜು. ಪೊರೆಯಲ್ಲ, ಕಣ್ಣಿನ ನರದ ತೊಂದರೆ. ಎದುರಿಗಿರೋದು ಸ್ವಲ್ಪ ಕಾಣುತ್ತೆ, ಅಕ್ಕಪಕ್ಕದ್ದೆಲ್ಲ ಅಳಿಸಿದ ಹಾಗಿದೆಯಂತೆ. ತಮ್ಮನ ಮನೆಯಲ್ಲಿದ್ದಾಳೆ. ತಮ್ಮ, ಅವನ ಹೆಂಡತಿ, ಮಕ್ಕಳು, ಎಲ್ಲರೂ ಬಂಗಾರದಂಥವರು. ಅವಳು ಗೇಟಿನ ಹತ್ತಿರ ಹೋದರೆ ಸಾಕು, ನಾಲ್ಕೂ ಕಡೆಯಿಂದ "ಬಿದ್ರೆ?" ಅನ್ನುತ್ತಾರೆ. "ಗಿರಿ, ನಮ್ಮ ಗೇಟಿಗೆ ಚಿಲಕ ಇಲ್ಲ ಕಣೇ," ಅಂದಿದ್ದಳು ಒಂದು ಸಲ, "ಬಿದ್ರೆ ಅನ್ನೋದೇ ಚಿಲಕ."

ಆದ್ದರಿಂದ ಗುರುವಾರ. ಪ್ರತಿ ಗುರುವಾರ ನಾನು ಹರಿಹರಕ್ಕೆ ಹೋಗಿ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಎಲ್ಲಿಗೆ ಅಂತಿಲ್ಲ. ಒಂದೊಂದು ಸಲ ಹೊಳೆ ಸೇತುವೆ ದಾಟಿ ಆ ಕಡೆ ಟೀ ಕುಡಿದು ಬರುತ್ತೇವೆ. ಒಂದೊಂದು ಸಲ ಬಾತಿ ಕೆರೆಯ ಹತ್ತಿರ ಕಾರು ನಿಲ್ಲಿಸಿ ಗ್ಲಾಸು ಇಳಿಸಿ ಸುಮ್ಮನೆ ಕೂರುತ್ತೇವೆ, ಯಾವ ಹಕ್ಕಿ ಅಂತ ಅವಳು ಕೂಗು ಕೇಳಿ ಹೇಳುತ್ತಾಳೆ, ನಾನು ನೋಡಿ ತಪ್ಪು ಅನ್ನುತ್ತೇನೆ. ಬಸ್ಸಿದೆಯಲ್ಲ, ದಾವಣಗೆರೆಗೂ ಹರಿಹರಕ್ಕೂ ಬೇಕಾದಷ್ಟು ಬಸ್ಸು, ಅನ್ನುತ್ತೀರಿ. ಇದೆ. ಬಸ್ಸು ನನ್ನನ್ನು ಹರಿಹರಕ್ಕೆ ಒಯ್ಯುತ್ತೆ. ಅವಳನ್ನು ಗೇಟು ದಾಟಿಸೋದಿಲ್ಲ. ಡ್ರೈವರ್ ಇಟ್ಕೋ ಅನ್ನುತ್ತಾಳೆ ಶೈಲಾ. ಬಸಣ್ಣನ ನಾಲಿಗೆ ನೋಡಿದವಳು ನಾನು. ಎಪ್ಪತ್ತರ ಮೇಲೆ ಇಬ್ಬರು ಮುದುಕಿಯರು ಏನು ಮಾತಾಡುತ್ತೀರಿ ಅಂತ ನೀವು ಕೇಳಬಹುದು. ನಿಮಗೆ ಹೇಳೋ ಹಾಗಿದ್ದರೆ ಡ್ರೈವರ್ ಇಟ್ಟುಕೊಳ್ಳುತ್ತಿದ್ದೆ.

ಹೊಸ ಕಾರು ಬಂದ ಮೇಲೆ ಆ ಗುಟ್ಟಿಗೂ ಕುತ್ತು ಬಂತು. ಅದಕ್ಕೊಂದು ಆ್ಯಪು. ಗಾಡಿ ಎಲ್ಲಿದೆ ಅಂತ ಶೈಲಾಳ ಫೋನಿನಲ್ಲಿ ನೀಲಿ ಚುಕ್ಕೆ. ಬಾತಿ ಕೆರೆಯ ಪಕ್ಕ ಸ್ವಲ್ಪ ಹೊತ್ತು ನಿಂತರೆ ಫೋನು. "ಅವ್ವಾ, ಯಾಕ ನಿಂತಿ? ಗಾಡಿ ಕೆಟ್ಟಿತೇನು?" ಮೆಹರೂ ನಗುತ್ತಾಳೆ. "ನೋಡು, ಬಸಣ್ಣ ಡ್ಯಾಶ್‌ಬೋರ್ಡಿನೊಳಗೆ ಬಂದು ಕೂತಾನ."

ಸೇತುವೆಯ ಮೇಲೂ ಕಾರಿಗೂ ನನಗೂ ಜಗಳ. ಹೊಳೆ ದಾಟುವಾಗ ಒಂದು ನಾಣ್ಯ ನೀರಿಗೆ ಹಾಕಿ ಕೈಮುಗಿಯೋದು ನಮ್ಮಜ್ಜಿಯಿಂದ ಬಂದ ರೂಢಿ. ಹಳೇ ಕಾರಿನಲ್ಲಿ ನಿಧಾನ ಮಾಡಿ, ಎಡಕ್ಕೆ ಸರಿದು, ಮೆಹರೂ ಕೈಗೆ ಕೊಟ್ಟರೆ ಅವಳು ಕಿಟಕಿಯಿಂದ ಬೀಸಿ ಹಾಕೋಳು, "ನಿಂದೊಂದು, ನಂದೊಂದು" ಅಂತ. ಈ ಕಾರು ಎಡಕ್ಕೆ ಸರಿಯೋದಕ್ಕೇ ಬಿಡೋದಿಲ್ಲ. ಟಿಂಗ್ ಅಂತ ವಾಪಸ್ ಎಳೆಯುತ್ತೆ. ನಾನು ಎಳೆಯುತ್ತೇನೆ, ಅದು ಎಳೆಯುತ್ತೆ, ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಾನೆ. ತುಂಗಭದ್ರೆಯ ಬಗ್ಗೆ ಕಾರಿಗೆ ಯಾರೂ ಹೇಳಿಲ್ಲ, ಪಾಪ. ಹಾಗಂತ ಲಾರಿಯವನ ದೃಷ್ಟಿಯಿಂದ ನೋಡಿದರೆ, ಸೇತುವೆಯ ಮೇಲೆ ಅಡ್ಡಾದಿಡ್ಡಿ ಹೋಗೋ ಮುದುಕಿಯನ್ನು ಗೆರೆಯೊಳಗೆ ಇಟ್ಟವರು ಯಾರೇ ಆಗಲಿ, ಅವನಿಗೆ ದೇವರೇ. ಇದೂ ಹೊಳೆಯುತ್ತೆ ನನಗೆ. ಹೊಳೆದರೂ ಸಿಟ್ಟು ಇಳಿಯೋದಿಲ್ಲ.

ಇನ್ನು ಹುರುಳಿಯ ವಿಷಯ.

ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬಾತಿ ದಾಟಿ, ದೊಡ್ಡ ರಸ್ತೆಯ ಪಕ್ಕದ ಚಿಕ್ಕ ರಸ್ತೆಯಲ್ಲಿ ಹೋಗುತ್ತಿದ್ದೆ. ಬಿಸಿಲು ನೇರ ಅಲ್ಲ, ಆದರೂ ಕಣ್ಣು ಕುಕ್ಕುತ್ತಿತ್ತು. ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಇದು ಗೊತ್ತಿದ್ದದ್ದೇ. ಕಣ ಮಾಡೋ ಜಾಗ ಇಲ್ಲ, ಎತ್ತಿಲ್ಲ, ಉರುಳಿಸಿ ಕಾಳು ಬಿಡಿಸೋ ರೋಣಗಲ್ಲಿಲ್ಲ. ಕೊಯ್ದ ಗಿಡ ರಸ್ತೆಗೆ ಹಾಸಿಬಿಟ್ಟರೆ ಬರೋ ಹೋಗೋ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತೆ. ಸಂಜೆ ಹೊಟ್ಟು ತೂರಿ ಕಾಳು ತುಂಬಿಕೊಂಡು ಹೋಗುತ್ತಾರೆ. ಶೈಲಾಗೆ ಇದನ್ನು ಕಂಡರೆ ಮೈ ಉರಿಯುತ್ತೆ. ಅದರ ಮೇಲೆ ಜಾರಿದ ಬೈಕಿನವರ ಕಾಲು ಕಟ್ಟಿ ಕಟ್ಟಿ ಅವಳಿಗೆ ಸಾಕಾಗಿದೆ. ನನಗೆ ಮಾತ್ರ ಚಿಕ್ಕಂದಿನಿಂದ ಅದರ ಮೇಲೆ ಹಾಯೋದು ಅಂದ್ರೆ ಖುಷಿ. ಚಕ್ರದ ಕೆಳಗೆ ಚಟಪಟ ಅನ್ನುತ್ತೆ, ಒಂದು ಹಸಿ ಒಣ ವಾಸನೆ ಬರುತ್ತೆ, ಯಾರದೋ ಸುಗ್ಗಿಗೆ ನಮ್ಮದೂ ಒಂದು ಕೈ ಹತ್ತಿದ ಹಾಗಾಗುತ್ತೆ.

ಹಾಗೆ ಹಾಯಿಸೋಣ ಅಂತ ಹೋದೆ. ಮೊದಲಿಗೆ ತೆಳ್ಳಗೆ ಹಾಸಿದ್ದರ ಮೇಲೆ ಚಟಪಟ ಅಂತ ಹತ್ತಿತು. ಆಚೆ ತುದಿಯಲ್ಲಿ ಇನ್ನೂ ಹರಡದ ಮೆದೆ ಒಂದು ಸೊಂಟದೆತ್ತರಕ್ಕಿತ್ತು, ಅದರ ಪಕ್ಕದಿಂದ ಸುತ್ತಿ ಹೋಗಬೇಕು. ಇನ್ನೇನು ಸುತ್ತಬೇಕು, ಕಾರು ಟಿಂಗ್ ಟಿಂಗ್ ಟಿಂಗ್ ಅಂದು ತಾನೇ ಬ್ರೇಕ್ ಹಾಕಿ ಗಕ್ಕನೆ ನಿಂತುಬಿಟ್ಟಿತು. ಬೆಲ್ಟು ಎದೆಗೆ ಒತ್ತಿತು. ಕನ್ನಡಕ ಮೂಗಿನ ತುದಿಗೆ ಬಂತು.

ರಸ್ತೆಬದಿ ನೆರಳಿನಲ್ಲಿ ಕೂತಿದ್ದ ಹೆಂಗಸು ಎದ್ದು ಬಂದಳು. "ಯಾಕ್ರೀ ಯಮ್ಮಾ ನಿಂತ್ರಿ? ಹೋಗ್ರಿ, ಹಾಯ್ಸ್ಕೆಂಡ್ ಹೋಗ್ರಿ, ಏನೂ ಆಗಲ್ಲ."

"ನಾನ್ ನಿಂದ್ರಿಸಲಿಲ್ಲಮ್ಮಾ, ಗಾಡಿ ನಿಂತಿತು."

"ಹುರುಳಿಗೆ ನಿಂತಿತಾ?" ಅವಳು ಸೊಂಟದ ಮೇಲೆ ಕೈ ಇಟ್ಟಳು. "ಲಾರಿ ಹೋದ್ವು, ಟ್ರ್ಯಾಕ್ಟರ್ ಹೋದ್ವು, ಎಮ್ಮೆಲ್ಲೆ ಗಾಡಿನೂ ಹೋತು. ನಿಮ್ದೇನು ಹೊಸಾ ಸೊಸೀನಾ, ಕಾಲಿಡಾಕ ನಾಚ್ಕೆಣಾಕ?"

ನಾನು ನಗಬೇಕು ಅನ್ನೋಷ್ಟರಲ್ಲಿ ಮೆದೆ ಅಲುಗಾಡಿತು. ಅದರ ಮಗ್ಗುಲಿನಿಂದ ಒಂದು ಮುದುಕಿ ಎದ್ದಳು. ಬಗ್ಗಿ ಕೂತು ಕಾಳು ಆರಿಸುತ್ತಿದ್ದಳೋ ಏನೋ, ಕೈಯಲ್ಲಿ ಮೊರ. ಒಣಗಿದ ಹುರುಳಿ ಗಿಡದ ಬಣ್ಣದ್ದೇ ಸೀರೆ, ತಲೆ ಮೇಲೆಲ್ಲ ಹೊಟ್ಟು. ನನ್ನ ವಯಸ್ಸೇ. ಇನ್ನೊಂದು ಮಾರು ಮುಂದೆ ಹೋಗಿದ್ದರೆ... ಆ ವಾಕ್ಯವನ್ನು ನಾನು ಇವತ್ತಿಗೂ ಪೂರ್ತಿ ಮಾಡಿಲ್ಲ.

ನನಗೆ ಅವಳು ಕಂಡಿರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಒಂದಿಷ್ಟೂ ಕಂಡಿರಲಿಲ್ಲ. ಕಾರಿಗೆ ಕಂಡಿತ್ತು.

ಇಳಿಯೋಣ ಅಂತ ಬೆಲ್ಟು ಬಿಚ್ಚೋದಕ್ಕೆ ಹೋದೆ. ಅವಳೇ ಬಂದಳು, ಆರಾಮಾಗಿ, ಮೊರ ಹಿಡಿದುಕೊಂಡು. "ಅತ್ತಿ, ಅಲ್ಲಿ ಕೂಡ್ರಬ್ಯಾಡ ಅಂದಿದ್ನಿಲ್ಲಾ!" ಅಂತ ಸೊಸೆ ಬೈಯುತ್ತಲೇ ಇದ್ದಳು. ಮುದುಕಿ ಅತ್ತ ಕಿವಿಗೊಡದೆ ನನ್ನ ಕಿಟಕಿಗೆ ಬಗ್ಗಿದಳು.

"ಗಾಡೀನೇ ನಿಂತಿತಂತಾ?"

"ಹೂಂ."

"ಇದಕ್ ಕಣ್ಣೈತಾ?"

ಗಾಜಿನ ಮೇಲುಗಡೆಯ ಕ್ಯಾಮೆರಾ ತೋರಿಸಿದೆ. ಮುದುಕಿ ಅದನ್ನೇ ದಿಟ್ಟಿಸಿದಳು. ಆಮೇಲೆ ಏನು ಮಾಡಿದಳು ಗೊತ್ತೇ? ಎರಡೂ ಕೈ ಬಾನೆಟ್ಟಿನ ಮೇಲೆ ಸವರಿ, ತನ್ನ ಕಪಾಲಕ್ಕೆ ಒತ್ತಿಕೊಂಡು ಪಟಪಟ ಅಂತ ನೆಟಿಕೆ ಮುರಿದಳು. ಮಕ್ಕಳಿಗೆ ದೃಷ್ಟಿ ತೆಗೀತಾರಲ್ಲ, ಹಾಗೆ. "ನೂರ್ ವರ್ಷ ಬಾಳ್ ನನ್ನಪ್ಪಾ" ಅಂದಳು. ನನಗಲ್ಲ, ಕಾರಿಗೆ.

ಉಳಿದ ದಾರಿಯನ್ನು ನಾನು ಎತ್ತಿನ ಗಾಡಿಯ ಸ್ಪೀಡಿನಲ್ಲಿ ಹೋದೆ.

ಮೆಹರೂಗೆ ಹೇಳಿದೆ. ಅವತ್ತು ನಾವೆಲ್ಲೂ ಹೋಗಲಿಲ್ಲ, ಅವಳ ವರಾಂಡದಲ್ಲೇ ಕೂತೆವು. ನೆಟಿಕೆ ಮುರಿದ ಕಡೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಂಗೂ ಕಾಣಲಿಲ್ಲ ಅಂದ್ರೆ," ಅಂದಳು, "ಮತ್ತೆ ನಾವಿಬ್ರೂ ಒಂದೇ ಕ್ಲಾಸು ಆಯ್ತಲ್ಲೇ ಗಿರಿ."

"ಶೈಲಾಗೆ ಹೇಳ್ಬೇಕು."

"ಹೇಳ್ಬ್ಯಾಡ." ತಟ್ಟನೆ ಅಂದಳು. ಆಮೇಲೆ ತಾನೇ ತಿದ್ದಿಕೊಂಡು, "ಅಲ್ಲ, ನಾನ್ ಹಂಗ ಅನ್ಬಾರ್ದು. ಹೇಳು. ಆದ್ರ ಹೇಳಿದ್ರ ಗುರುವಾರ ಹೋತು."

ಗುರುವಾರ ಹೋತು ಅನ್ನೋದನ್ನ ಅವಳು ಹೇಳಿದ ರೀತಿ ಇತ್ತಲ್ಲ, ಅಳುವಿನ ಹಾಗಲ್ಲ, ಟ್ರೇನ್ ಹೋಯಿತು ಅನ್ನೋ ಹಾಗೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ತೂಗಿ ನೋಡಿದೆ. ಒಂದು ಕಡೆ ಮೆದೆಯ ಹಿಂದಿನ ಮುದುಕಿ. ಇನ್ನೊಂದು ಕಡೆ ವರಾಂಡದ ಮುದುಕಿ. ಪ್ರಾಣ ದೊಡ್ಡದು, ಅದರಲ್ಲಿ ಡೌಟೇ ಇಲ್ಲ. ಆದರೆ ಪ್ರಾಣ ಉಳಿಸಿಕೊಂಡು ಗೇಟಿನೊಳಗೆ ಕೂತವಳಿಗೆ ಬರೀ ಪ್ರಾಣ ಸಾಕೇ? ಕಾನ್ವೆಂಟಿನಲ್ಲಿ ಇಂಥದಕ್ಕೆ ಡಿಬೇಟ್ ಇಡುತ್ತಿದ್ದರು. ಪರವಾಗಿ ಮೂರು ನಿಮಿಷ, ವಿರೋಧ ಮೂರು ನಿಮಿಷ, ಕೊನೆಗೆ ಬಹುಮಾನಕ್ಕೆ ಒಂದು ಡಿಕ್ಷನರಿ. ಇಲ್ಲಿ ಎರಡೂ ಕಡೆ ನಾನೇ ನಿಂತು ಮಾತಾಡಿ, ಎರಡೂ ಕಡೆ ಸೋತು ಮನೆಗೆ ಬಂದೆ.

ಸಂಜೆ ಊಟಕ್ಕೆ ಕೂತಾಗ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಶೈಲಾಳ ಕೈ ನಿಂತಿತು. ಬೈಯಲಿಲ್ಲ. ಡಾಕ್ಟರ ಹಾಗೆ ಕೇಳಿದಳು, "ಬಿಸಿಲು ಯಾವ ಕಡೆ ಇತ್ತು? ಬೋರ್ಡು ಓದೋವಾಗ ಮಸುಕಾಗ್ತತೇನು? ದೀಪದ ಸುತ್ತ ಬಳೆ ಕಾಣ್ತತೇನು?" ಬಳೆ ಕಾಣುತ್ತೆ ಅಂದೆ. ನಾನು ಅದನ್ನು ಹಬ್ಬದ ಲೈಟಿಂಗ್ ಅಂದುಕೊಂಡಿದ್ದೆ. ಅವಳು ಎದ್ದು ಕೈ ತೊಳೆದು, ಗೋಡೆಯ ಮೊಳೆಯಿಂದ ಕಾರಿನ ಕೀ ತಗೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಶೈಲಾ, ನನ್ನ ಜೀವ ನನ್ನ ಇಷ್ಟ."

"ನಿನ್ನ ಜೀವದ ಮಾತೇ ಅಲ್ಲವ್ವಾ. ಆ ಮೊರ ಹಿಡಿದಾಕೀ ಜೀವ ಯಾರಿಷ್ಟ?"

ಆದರೂ ಬಿಡಲಿಲ್ಲ ನಾನು. "ಹಂಗಾದ್ರ ಮೆಹರೂ?"

ಅವಳು ಬ್ಯಾಗಿನ ಜಿಪ್ ಎಳೆದಳು. ಮಗಳ ಮೇಲೆ ಸಿಟ್ಟು ಬರಲಿಲ್ಲ, ಅದೇ ಕಷ್ಟ. ಸಿಟ್ಟು ಬಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಬೇರೆಯವರ ಮೂಳೆ ದಿನಾ ನೋಡೋ ಮಗಳು ತಾಯಿಯ ಕೈಗೆ ಕೀ ಕೊಟ್ಟು ಆಸ್ಪತ್ರೆಗೆ ಹೋಗಿ ಏನು ಅನುಭವಿಸುತ್ತಿದ್ದಳೋ, ಆ ನೀಲಿ ಚುಕ್ಕೆ ನೋಡುತ್ತಾ ಎಷ್ಟು ಸಲ ಉಸಿರು ಹಿಡಿದಿದ್ದಳೋ, ನಾನು ಯಾವತ್ತೂ ಕೇಳಿರಲಿಲ್ಲ.

ಪೊರೆ ಬಂದಿತ್ತು. ಎರಡು ಕಣ್ಣಿಗೂ. ಶೈಲಾಳ ಗೆಳತಿ, ಕಣ್ಣಿನ ಡಾಕ್ಟರು, ಒಂದಾದ ಮೇಲೊಂದು ತೆಗೆದಳು. ಆ ದಿನಗಳಲ್ಲಿ ಗುರುವಾರ ಬಂದರೆ ನಾನು ಮೆಹರೂಗೆ ಫೋನು ಮಾಡಿ ನಮ್ಮ ಬೀದಿಯ ಹಕ್ಕಿಗಳ ಕೂಗು ಕೇಳಿಸುತ್ತಿದ್ದೆ. "ಅದು ಹಕ್ಕಿ ಅಲ್ಲ, ನಿಮ್ಮ ಮಿಕ್ಸಿ" ಅನ್ನೋಳು. ಮಾತು ಜಲ್ದಿ ಮುಗಿದು ಹೋಗೋದು. ಫೋನಿನಲ್ಲಿ ಸುಮ್ಮನೆ ಕೂರೋದಕ್ಕೆ ಬರೋದಿಲ್ಲ ನೋಡಿ, ಕಾರಿನಲ್ಲಿ ಬರುತ್ತೆ.

ಪೊರೆ ತೆಗೆದ ಮೇಲೆ ಬ್ಯಾಂಡೇಜು ಬಿಚ್ಚಿದಾಗ ಪ್ರಪಂಚ ಇಷ್ಟು ಕೊಳಕಾಗಿದೆಯಾ ಅನ್ನಿಸಿತು. ನಮ್ಮ ಅಡುಗೆಮನೆಯ ಟೈಲ್ಸು ಬಿಳಿ ಅಂತ ನಂಬಿದ್ದೆ.

ಒಂದು ಬೆಳಿಗ್ಗೆ ಶೈಲಾ ಅರ್ಧ ದಿನ ರಜೆ ಹಾಕಿ, ಕೀ ನನ್ನ ಕೈಗಿಟ್ಟು, ತಾನು ಪಕ್ಕದಲ್ಲಿ ಕೂತಳು. "ಓಡಿಸು, ನೋಡ್ತೀನಿ." ಅವಳಪ್ಪನ ಹಾಗೇ ಬಲಗೈ ಹ್ಯಾಂಡ್‌ಬ್ರೇಕ್ ಹುಡುಕಿತು. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕಿಲ್ಲ, ಅಲ್ಲೊಂದು ಬಟನ್ನು. ಕೈ ಎಲ್ಲಿಡೋದು ಅಂತ ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು. ಬಾತಿಯವರೆಗೆ ಹೋಗಿ ಬಂದೆವು. ಒಂದು ಕಡೆಯೂ ಟಿಂಗ್ ಅನ್ನಲಿಲ್ಲ. ನನಗಿಂತ ಅವಳೇ ಹೆಚ್ಚು ಬೆವೆತಿದ್ದಳು.

ಮನೆ ಮುಂದೆ ಎಂಜಿನ್ ಆಫ್ ಮಾಡಿದ ಮೇಲೂ ಇಳಿಯದೆ ಕೂತೇ ವ್ಯಾಪಾರ ಮಾಡಿದೆವು. ಮಂಡಿಪೇಟೆ ರಕ್ತ, ಇಬ್ಬರದೂ.

"ಹಗಲು ಮಾತ್ರ," ಅಂದಳು.

"ಆತು."

"ವರ್ಷಕ್ಕೊಮ್ಮೆ ಕಣ್ಣು ತೋರಿಸ್ಬೇಕು. ಡಾಕ್ಟರ್ ಸಾಕು ಅಂದ ದಿನ ಸಾಕು. ಎರಡನೇ ಮಾತಿಲ್ಲ."

ಸ್ಟೀರಿಂಗನ್ನು ಒಂದು ಸಲ ಸವರಿದೆ. "ಆತು."

"ಟಿಂಗ್ ಅನ್ನೋದ್ನ ಒಂದನ್ನೂ ಆಫ್ ಮಾಡಂಗಿಲ್ಲ. ನನಗ ಗೊತ್ತೈತಿ, ಸೇತುವೆ ಬಂದ್ರ ಮಾಡ್ತಿ ನೀನು."

"ಆತು. ನಾಣ್ಯ ಹಾಕೋದಿದ್ರ ಈ ಕಡೆ ನಿಂದ್ರಿಸಿ ನಡ್ಕೊಂಡು ಹೋಗ್ತೀವಿ. ಈಗ ನಂದೊಂದೈತಿ. ಆ ನೀಲಿ ಚುಕ್ಕಿ ತೆಗಿ."

"ಅವ್ವಾ!"

"ಬ್ರೇಕು ಗಾಡೀಗೆ ಬಿಟ್ಟೀನಿ, ತಗೋ. ಅದರ ಕಣ್ಣು ನನ್ನ ಕಣ್ಣಿಗಿಂತ ಚಲೋ ಐತಿ, ಒಪ್ಪೀನಿ. ಆದ್ರ ಎಲ್ಲಿ ಹೋಗ್ಬೇಕು, ಎಲ್ಲಿ ಸುಮ್ನ ನಿಂದ್ರಬೇಕು ಅನ್ನೋದು ನಂದು. ಬೇಕಾದ್ರ ಫೋನ್ ಮಾಡು. ನಿಂದ್ರಿಸಿ ಎತ್ತೀನಿ. ಎತ್ಲಿಲ್ಲಂದ್ರ ಆಮ್ಯಾಲೆ ಹುಡುಕು."

ಅವಳು ಫೋನು ತೆಗೆದು ಏನೋ ಒತ್ತಿ ನನಗೆ ತೋರಿಸಿದಳು. ಚುಕ್ಕೆ ಹೋಗಿತ್ತು. "ಮುಟ್ಟಿದ ಕೂಡ್ಲೇ ಫೋನ್ ಮಾಡ್ಬೇಕು," ಅಂದಳು. ಮಗಳ ಕೈ ಹಿಡಿದುಕೊಂಡೆ. ಎಷ್ಟು ಜನರ ಎಲುಬು ಕೂಡಿಸಿದ ಕೈ, ತಣ್ಣಗಿತ್ತು.

ತಾನೇ ಓಡೋ ಕಾರು ಬಂದರೆ ಮನುಷ್ಯರ ಸ್ವಾತಂತ್ರ್ಯ ಹೋಗುತ್ತೆ ಅಂತ ಟಿವಿಯಲ್ಲಿ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದರು ಮೊನ್ನೆ. ಸ್ಟೀರಿಂಗು ಯಾವತ್ತೂ ಕೈಯಲ್ಲೇ ಇದ್ದವರ ಮಾತು ಅದು. ಹಿಂದಿನ ಸೀಟಿನಲ್ಲಿ ಬೆಳೆದವಳಿಗೆ ಬೇರೆ ಲೆಕ್ಕ. ಕಣ್ಣು ಕಾಣದವರು, ಕಾಲಿಲ್ಲದವರು, ಕರೆದುಕೊಂಡು ಹೋಗೋರು ಬರಲಿ ಅಂತ ಬಾಗಿಲಲ್ಲಿ ಕೂತವರು, ಇವರೆಲ್ಲ ಯಾರನ್ನೂ ಕೇಳದೆ ಎದ್ದು ಹೊರಟುಬಿಡೋ ಒಂದು ದಿನ ಬಂದರೆ, ಅದಕ್ಕೆ ಏನು ಹೆಸರಿಡುತ್ತಾರೆ ಆ ಟಿವಿಯವರು? ಒಂದೇ ಷರತ್ತು. ಆ ಕಾರು ನೋಡಲಿ, ನಿಲ್ಲಲಿ, ಕಾಪಾಡಲಿ. ಚಾಡಿ ಮಾತ್ರ ಹೇಳದಿರಲಿ. ಮತ್ತೆ ಅದನ್ನು ಮಾಡೋರು ಯಾರೇ ಆಗಲಿ, ಒಂದು ಸುಗ್ಗಿಯಲ್ಲಿ ನಮ್ಮ ಕಡೆ ಬಂದು ನೋಡಲಿ. ಹುರುಳಿ ಯಾವುದು, ಹುರುಳಿಯ ಹಿಂದೆ ಕೂತ ಅತ್ತೆ ಯಾವುದು ಅಂತ ಅದಕ್ಕೆ ಪಾಠ ಮಾಡಬೇಕು.

ಇದನ್ನು ಮೆಹರೂಗೆ ಹೇಳಿದಾಗ ಅವಳು ಆಗಲೇ ಲೆಕ್ಕ ಹಾಕಿ ಕೂತಿದ್ದಳು. "ಸ್ಟೀರಿಂಗೇ ಇಲ್ಲದ ಗಾಡಿ ಬರ್ಲಿ. ನಾನೇ ದಾವಣಗೆರೆಗೆ ಬರ್ತೀನಿ. ತಮ್ಮನ ಹೆಂಡ್ತಿ ಬಿದ್ರೆ ಅಂದ್ರ, ಕೂತಾಕೀ ಎಲ್ಲಿ ಬೀಳ್ಲೇ ಅಂತೀನಿ. ನಿಮ್ಮನಿ ಮುಂದ ನಿಂತು ಹಾರ್ನ್ ಹೊಡೀತೀನಿ, ನೀನ್ ಚೀಲ ಎತ್ಕೊಂಡು ಓಡಿ ಬರ್ಬೇಕು."

"ಅಷ್ಟೊತ್ತಿಗೆ ನಮಗೆ ತೊಂಬತ್ತು ಆಗಿರ್ತತಿ."

"ಆಗ್ಲಿ. ನಿಧಾನ ಓಡಿ ಬಾ."

ಅವಳನ್ನು ಕೊನೇ ಸಲ ನೋಡಿದ್ದು ಹೋದ ಗುರುವಾರ. ಅವಳು ಈಗ ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಅಲ್ಲಿ ಕಣ್ಣಿಗೆ ಆಪರೇಷನ್ನು. ಹೋದ ದೃಷ್ಟಿ ಬರೋದಿಲ್ಲ, ಇರೋದು ಉಳಿಯಬಹುದು ಅಂದಿದ್ದಾರೆ. ಹೊರಡೋ ಹಿಂದಿನ ದಿನ ನಾವು ಹೊಳೆ ದಂಡೆಗೆ ಹೋಗಿ ಬಂದೆವು. ಅವಳನ್ನು ಮನೆಗೆ ಬಿಟ್ಟು, ಅವರ ಓಣಿ ಕಿರಿದು ಅಂತ ಹಿಂದಕ್ಕೆ ತಗೊಳ್ಳೋದಕ್ಕೆ ರಿವರ್ಸ್ ಹಾಕಿದೆ. ಡ್ಯಾಶ್‌ಬೋರ್ಡಿನ ಸ್ಕ್ರೀನಿನಲ್ಲಿ ಹಿಂದಿನ ಓಣಿ ಬಂತು, ಓಣಿಯ ನಡುಮಧ್ಯೆ ಮೆಹರೂ. ಒಳಗೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಯಾರ ಕೈಯೂ ಹಿಡಿಯದೆ ಗೇಟು ದಾಟಿ, ರಸ್ತೆಗೆ ಬಂದು, ಕಾರು ಎಲ್ಲಿದೆ ಅಂತ ಸರಿಯಾಗಿ ತಿಳಿಯದೆ ಎದುರು ಮನೆಯ ಕಂಪೌಂಡಿಗೆ ಕೈ ಬೀಸುತ್ತಾ ನಿಂತಿದ್ದಳು. ಕಾರು ನಿಂತಿತು. ಸ್ಕ್ರೀನಿನಲ್ಲಿ ಅವಳ ಸುತ್ತ ಒಂದು ಹಳದಿ ಚೌಕ ಬರೆದುಕೊಂಡು, ಇಲ್ಲೊಬ್ಬರು ಇದ್ದಾರೆ ಅಂತ ಹೇಳುತ್ತಲೇ ಇತ್ತು. ನನಗೆ ಗೊತ್ತು ಅಂದೆ. ಅವಳು ಸಾಕಾಗೋವರೆಗೆ ಕೈ ಬೀಸಿದಳು. ನಾನು ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಕೂತಿದ್ದೆ.